ಮೂರು ಕಡೆ ಚುಚ್ಚಿ ನೋಡಿದ ಕ್ಯಾಸೆಟ್

ಆ ಕ್ಯಾಸೆಟ್ಟನ್ನು ನಮ್ಮ ಕಡೆ ಮೊದಲು ಪೂರ್ತಿ ನೋಡಿದವಳು ನಾನೇ. ಹರಿಹರದ ಬಸ್ ನಿಲ್ದಾಣದ ಹಿಂದೆ ಹಯಾತ್ ಸಾಬರ ವಿಡಿಯೋ ಅಂಗಡಿಯಲ್ಲಿ ನನಗೆ ಕೆಲಸ. ವಾಪಸು ಬಂದ ಕ್ಯಾಸೆಟ್ಟುಗಳನ್ನು ಹಿಂದಕ್ಕೆ ಸುತ್ತುವುದು, ಟೇಪು ಎಲ್ಲಾದರೂ ಮಡಚಿಕೊಂಡಿದೆಯೇ ಎಂದು ಓಡಿಸಿ ನೋಡುವುದು, ಗೂಡುಗಳಲ್ಲಿ ಜೋಡಿಸಿಡುವುದು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ, ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರುವ ನನ್ನಂಥವಳಿಗೆ ಹೇಳಿ ಮಾಡಿಸಿದ ಕೆಲಸ. ಮಾತಾಡಬೇಕಾಗಿಲ್ಲ, ನೋಡುತ್ತಿದ್ದರೆ ಸಾಕು.

ತೊಂಬತ್ತೆಂಟರ ಬೇಸಿಗೆ. ಶಾಲೆಗಳಿಗೆ ರಜೆ ಬರುವ ಹೊತ್ತು. ಒಂದು ಶುಕ್ರವಾರ ಬೆಂಗಳೂರಿನಿಂದ ಏಜೆಂಟ್ ಒಬ್ಬ ಬಂದ. ಆ ಬಿಸಿಲಲ್ಲೂ ಟೈ ಕಟ್ಟಿದ್ದ. ಬ್ಯಾಗಿನಿಂದ ಬಣ್ಣದ ಡಬ್ಬಿಯ ಕ್ಯಾಸೆಟ್ ತೆಗೆದು ಗಲ್ಲಾದ ಮೇಲಿಟ್ಟ. ಡಬ್ಬಿಯ ಮೇಲೆ ಹಿಮಗಡದ ಯೋಧರು ಕತ್ತಿ ಎತ್ತಿ ನಿಂತಿದ್ದರು.

ಹಿಮಗಡ ಅಂದರೆ ಜಪಾನಿನ ಕಾರ್ಟೂನು. ಹಿಂದಿಯಲ್ಲಿ ಮಾತಾಡುತ್ತಿತ್ತು. ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಅದು ಬರುವಾಗ ನಮ್ಮ ಓಣಿಯಲ್ಲಿ ಒಂದು ಮಗುವೂ ಹೊರಗೆ ಕಾಣುತ್ತಿರಲಿಲ್ಲ. ನಾನು ಮಗುವಲ್ಲ, ಆದರೂ ಪಕ್ಕದ ಮನೆಯ ಕಿಟಕಿಯ ಹೊರಗೆ ನಿಂತು ಒಂದು ವಾರವೂ ಬಿಡದೆ ನೋಡಿದ್ದೆ.

"ಅದೇ ಈಗ ಸಿನಿಮಾ ಆಗಿ ಬಂದಿದೆ ಸಾರ್" ಎಂದ ಏಜೆಂಟ್. "ಬಾಡಿಗೆಗೆ ಬಿಡೋದಲ್ಲ. ಮನೇಲಿ ಇಟ್ಕೊಳ್ಳೋಕೆ ಅಂತಲೇ ಮಾಡಿರೋದು. ಮಕ್ಕಳು ಅಪ್ಪನ ಕೈ ಎಳ್ಕೊಂಡು ಬಂದು ಕೊಡಿಸ್ಕೋತಾರೆ. ದಾವಣಗೆರೆ, ಹರಿಹರ ಎರಡಕ್ಕೂ ಸೇರಿಸಿ ಒಬ್ಬರಿಗೇ ಮಾಲು. ಒಂದು ಸಲ ಕೊಂಡ ಮೇಲೆ ವಾಪಸ್ ತಗೊಳ್ಳಲ್ಲ."

ಹಯಾತ್ ಸಾಬರು ಗಡ್ಡ ನೀವಿಕೊಂಡು ನನ್ನ ಕಡೆ ತಿರುಗಿದರು. "ನೀ ನೋಡು ಬೇಟಿ. ನೋಡಿ ಹೇಳು, ತಗೊಳ್ಳಣೋ ಬ್ಯಾಡೋ."

ಒಳಗಿನ ಸಣ್ಣ ಟಿವಿಯಲ್ಲಿ ಹಾಕಿಕೊಂಡು ಕೂತೆ. ಶುರುವಾದ ಸ್ವಲ್ಪ ಹೊತ್ತಿಗೇ ನನಗೆ ತಿಳಿದುಹೋಯಿತು, ಇದರಲ್ಲಿ ಹೊಸದೇನೂ ಇಲ್ಲ. ವರ್ಷವಿಡೀ ಬಂದ ಸೀರಿಯಲ್ಲನ್ನೇ ಕತ್ತರಿಸಿ, ಒಳ್ಳೊಳ್ಳೆಯ ಬಡಿದಾಟಗಳನ್ನು ಮಾತ್ರ ಆರಿಸಿ, ಒಂದಕ್ಕೊಂದು ಅಂಟಿಸಿದ್ದರು. ಕಿನು ಎಂಬ ಹುಡುಗಿ ಇದ್ದಳು ಸೀರಿಯಲ್ಲಿನಲ್ಲಿ. ಅವಳ ಊರನ್ನು ಸೇನಾಪತಿ ಸುಟ್ಟಿದ್ದ. ಅವಳು ಅವನ ಅಡುಗೆಮನೆಗೇ ಆಳಾಗಿ ಸೇರಿ, ಬೂದಿ ಬಳಿಯುತ್ತಾ, ಪಾತ್ರೆ ತಿಕ್ಕುತ್ತಾ, ಅವನು ಯಾವಾಗ ಮಲಗುತ್ತಾನೆ, ಯಾರನ್ನು ನಂಬುತ್ತಾನೆ ಎಂದು ತಿಂಗಳುಗಟ್ಟಲೆ ನೋಡಿಕೊಂಡಿರುತ್ತಾಳೆ. ನಾನು ಕಿಟಕಿಯಲ್ಲಿ ನಿಲ್ಲುತ್ತಿದ್ದುದೇ ಅವಳಿಗಾಗಿ. ಸಿನಿಮಾದಲ್ಲಿ ಆ ಅಡುಗೆಮನೆಯೇ ಇರಲಿಲ್ಲ. ಬಡಿದಾಟ ಇಲ್ಲವಲ್ಲ ಅಲ್ಲಿ, ಕಿತ್ತುಹಾಕಿದ್ದರು. ಕೊನೆಯಲ್ಲಿ ಮಾತ್ರ ಎಲ್ಲಿಂದಲೋ ಬಂದ ಹುಡುಗಿಯೊಬ್ಬಳು ಸೇನಾಪತಿಯ ಮುಂದೆ ಕತ್ತಿ ಹಿಡಿದು ನಿಲ್ಲುತ್ತಾಳೆ.

ನನಗೆ ಅವಳು ಗೊತ್ತಿದ್ದಳು. ಹಾಗಾಗಿ ಅವಳು ನಿಂತಾಗ ಕಣ್ಣು ತುಂಬಿತು. ಗೊತ್ತಿಲ್ಲದವರಿಗೆ ಏನು ತುಂಬಬೇಕು?

ಏಜೆಂಟ್ ಸಿಗರೇಟು ಸೇದಲು ಹೊರಗೆ ಹೋಗಿದ್ದಾಗ ಸಾಬರಿಗೆ ಮೆತ್ತಗೆ ಹೇಳಿದೆ. "ಹೊಸ ಸಿನಿಮಾ ಅಲ್ರಿ ಇದು. ಹಳೇದನ್ನೇ ತುಂಡು ತುಂಡು ಹೊಲ್ದಾರೆ. ಕತಿ ಗೊತ್ತಿದ್ದೋರಿಗೆ ಚಂದ. ಇಲ್ಲದೋರಿಗೆ ಬರೇ ಹೊಡೆದಾಟ."

"ಅಷ್ಟೂ ಮಕ್ಕಳಿಗೆ ಕತಿ ನೆನಪಿರತೈತೇನು?"

"ಸಣ್ಣೋರಿಗೆ ಇರಲ್ರಿ. ನಾವು ಹೇಳಿ ಕೊಡಬೇಕು."

"ಹಂಗಾರೆ ಒಂದಿಷ್ಟೇ ಕೊಡ್ತಾನೇನೋ ಕೇಳಣ. ನಮಾಜಿಂದ ಬರ್ತೀನಿ, ಅವನ್ನ ಕೂಡ್ರಿಸು" ಎಂದು ಟೋಪಿ ಹಾಕಿಕೊಂಡು ಹೊರಟರು.

ಅವರು ಅತ್ತ ಹೋದರು, ಇತ್ತ ಬಿಳಿ ಮಾರುತಿ ವ್ಯಾನು ಬಂದು ನಿಂತಿತು. ಇಳಿದವರು ಬಕ್ಕೇಶಪ್ಪ ಸಾಹುಕಾರರು.

ಅದೇ ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವೆಲ್ಲು. ದಾವಣಗೆರೆ ಮಂಡಿಪೇಟೆಯಲ್ಲಿ ಅವರದು ಮೆಕ್ಕೆಜೋಳದ ದೊಡ್ಡ ವ್ಯಾಪಾರ. ಈಚೆಗೆ ಮಗ ಕೊಟ್ರೇಶನಿಗೆಂದು ನಿಜಲಿಂಗಪ್ಪ ಬಡಾವಣೆಯಲ್ಲಿ ವಿಡಿಯೋ ಅಂಗಡಿ ಹಾಕಿಕೊಟ್ಟಿದ್ದರು. ಮಗ ಅಲ್ಲಿ ಕೂರುತ್ತಿದ್ದ. ಕೊಳ್ಳುವುದು, ಮಾರುವುದು ಎಲ್ಲ ಅಪ್ಪನದೇ.

ನನ್ನ ಅಪ್ಪ ಮೈಲಪ್ಪ ಅವರ ಮಂಡಿಯಲ್ಲೇ ಹಮಾಲನಾಗಿದ್ದ. ನಾನು ಹುಟ್ಟುವ ಮೊದಲಿನಿಂದ ಅವರ ಚೀಲಗಳು ಅಪ್ಪನ ಬೆನ್ನ ಮೇಲೆಯೇ ಲಾರಿ ಹತ್ತಿದ್ದು. ಒಂದು ದಿನ ಲಾರಿ ತುಂಬುವಾಗ, ಮಾಲು ಕೊಂಡವನ ಕಡೆಯವನು ಚೂಪು ಮೂತಿಯ ಕೊಳವೆಯನ್ನು ಅಪ್ಪನ ಬೆನ್ನ ಮೇಲಿದ್ದ ಚೀಲಕ್ಕೆ ಚುಚ್ಚಿ ಕಾಳು ತೆಗೆದು ನೋಡಿದ. ಕಾಳಿನ ಜೊತೆ ಉಸುಕು ಬಂತು. ಬಕ್ಕೇಶಪ್ಪನವರು ಬೇರೆ ಚೀಲ ಬಿಚ್ಚಿಸಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಅಪ್ಪನನ್ನು ಕಟ್ಟೆಯ ಮೇಲೆ ನಿಲ್ಲಿಸಿ, ತಲೆಯ ರುಮಾಲು ಬಿಚ್ಚಿಸಿ ಕೊಡವಿಸಿದರು. "ಜೋಳ ಮನಿಗೆ, ಉಸುಕು ಚೀಲಕ್ಕೆ. ಹೆಂಗೈತೆ ನೋಡ್ರಿ ಮೈಲನ ವ್ಯಾಪಾರ" ಎಂದು ನಗಾಡಿದರು. ಊಟದ ಬುತ್ತಿ ಹಿಡಿದು ನಾನು ಅಲ್ಲೇ ನಿಂತಿದ್ದೆ. ರುಮಾಲಿನಿಂದ ಒಂದು ಕಾಳೂ ಬೀಳಲಿಲ್ಲ, ಆದರೂ ಎಲ್ಲರೂ ನಕ್ಕರು.

ಅವತ್ತಿನಿಂದ ಮಂಡಿಪೇಟೆಯ ಯಾವ ಅಂಗಡಿಯೂ ಅಪ್ಪನಿಗೆ ಕೆಲಸ ಕೊಡಲಿಲ್ಲ. ಹರಿಹರಕ್ಕೆ ಬಂದೆವು. ಅವ್ವ ತರಕಾರಿ ಬುಟ್ಟಿ ಹೊತ್ತಳು, ನಾನು ಶಾಲೆ ಬಿಟ್ಟೆ. ಅಪ್ಪ ಈಗ ಹೊಳೆಯಲ್ಲಿ ಲಾರಿಗೆ ಉಸುಕು ತುಂಬುತ್ತಾನೆ.

"ಏನಪಾ ಏಜೆಂಟ್ರೇ" ಎಂದರು ಬಕ್ಕೇಶಪ್ಪನವರು ಒಳಗೆ ಬರುತ್ತಲೇ, "ದಾವಣಗೆರಿ ದಾಟಿ ಹರಿಹರಕ್ಕೆ ಮೊದ್ಲು ಬಂದೀರಂತೆ. ನಮ್ಮೂರೇನು ಮುಳುಗಿ ಹೋಗೈತೇನು?"

"ಇಲ್ಲ ಸಾರ್, ನಿಮ್ಮತ್ರಾನೇ ಬರ್ತಾ ಇದ್ದೆ. ಇಲ್ಲಿ ಸಾಬರು ಹೆಚ್ಚುಕಮ್ಮಿ ಒಪ್ಪಿದಾರೆ..."

"ಹಯಾತ್ ಸಾಬ ಒಪ್ಪ್ಯಾನೇ? ಅವ ಸುಮ್ಸುಮ್ನೆ ಒಪ್ಪೋನಲ್ಲ." ಅವರ ಕಣ್ಣು ಚುರುಕಾಯಿತು. ನನ್ನ ಕಡೆ ತಿರುಗಿದರು. ನನ್ನನ್ನು ನೋಡಿದರು, ಆದರೆ ಗೂಡಿನಲ್ಲಿದ್ದ ಕ್ಯಾಸೆಟ್ಟುಗಳನ್ನು ನೋಡಿದಂತೆಯೇ ನೋಡಿದರು. "ಏ ತಂಗಿ, ನೀ ನೋಡಿಯೇನು ಇದನ್ನ?"

"ನೋಡೀನ್ರಿ."

"ಹೆಂಗೈತೆ?"

ಒಂದು ಮಾತು ಹೇಳಿದ್ದರೆ ಸಾಕಿತ್ತು. ಸಾಬರಿಗೆ ಹೇಳಿದ್ದನ್ನೇ ಇವರಿಗೂ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಹಲ್ಲಿನಿಂದ ಹಿಡಿದುಕೊಂಡೆ.

"ನೀವೇ ನೋಡ್ರಿ ಸಾಹುಕಾರ್ರೆ. ಇಲ್ಲೇ ಟಿವಿ ಐತೆ. ಕೂಡ್ರಿ, ಪೂರ್ತಿ ಹಾಕ್ತೀನಿ."

"ಪೂರ್ತಿ?" ಅವರು ಹೊಟ್ಟೆ ಕುಣಿಸಿ ನಕ್ಕರು. "ಚೀಲ ಪೂರ್ತಿ ಸುರುವಿ ಯಾರಾರ ನೋಡ್ತಾರೇನು? ಮ್ಯಾಲೆ ಒಂದು ಹಿಡಿ, ನಡುವೆ ಒಂದು ಹಿಡಿ, ತಳದಾಗೆ ಒಂದು ಹಿಡಿ. ಸಾಕು. ಓಡ್ಸು."

ಓಡಿಸಿದೆ. ಮೊದಲು ನಿಲ್ಲಿಸಿದ ಕಡೆ ಹಿಮದ ಮೇಲೆ ಕುದುರೆಗಳು ನುಗ್ಗಿ ಬರುತ್ತಿದ್ದವು. ನಡುವೆ ನಿಲ್ಲಿಸಿದಲ್ಲಿ ಗಡದ ಬಾಗಿಲು ಸುಡುತ್ತಿತ್ತು. ಕೊನೆಗೆ ನಿಲ್ಲಿಸಿದಲ್ಲಿ ಕಿನು ಮತ್ತು ಸೇನಾಪತಿ, ಕತ್ತಿಗೆ ಕತ್ತಿ. ಎಲ್ಲಿ ಚುಚ್ಚಿದರೂ ಬಂಗಾರದಂಥ ಕಾಳು. ಬೇರೆ ಏನಾದರೂ ಬರಲು ಅದರೊಳಗೆ ಇದ್ದರೆ ತಾನೇ?

"ಅಬಬಬಬಾ!" ಸಾಹುಕಾರರು ತೊಡೆ ತಟ್ಟಿಕೊಂಡರು. "ಕಸ ಇಲ್ಲ, ಕಡ್ಡಿ ಇಲ್ಲ. ಇಂಥ ಮಾಲು ನಾ ನೋಡಿಲ್ಲಲೇ! ಏಜೆಂಟ್ರೇ, ಕೈ ತರ್ರಿ ಇಲ್ಲಿ."

ಏಜೆಂಟ್ ಕೈಕುಲುಕಲು ಎಂದುಕೊಂಡು ಕೈ ನೀಡಿದ. ಅವರು ಅದನ್ನು ಎಳೆದುಕೊಂಡು ಮೇಲೆ ಟವೆಲ್ಲು ಮುಚ್ಚಿದರು. ಮಂಡಿಯ ಹಿರಿಯರು ರೇಟು ಬಾಯಲ್ಲಿ ಹೇಳುವುದಿಲ್ಲ, ಟವೆಲ್ಲಿನಡಿ ಬೆರಳು ಹಿಡಿದು ಹೇಳುತ್ತಾರೆ. ಏಜೆಂಟ್ ಬೆಚ್ಚಿಬಿದ್ದ. "ಸಾರ್, ಏನ್ ಸಾರ್ ಇದು, ಕಚಗುಳಿ ಆಗುತ್ತೆ!"

"ಸುಮ್ನಿರಪ. ಈ ಹುಡುಗಿಗೆ ರೇಟು ಗೊತ್ತಾಗ್ಬಾರ್ದು. ಬೆರಳು ಹಿಡಿ."

ಬೆರಳು ಹಿಡಿದಷ್ಟು ಹೊತ್ತೂ ಏಜೆಂಟ್ ಮೈ ಹಿಂಡಿಕೊಂಡು ನಗುತ್ತಿದ್ದ, ಸಾಹುಕಾರರು ಮುಖ ಗಂಟಿಕ್ಕಿಕೊಂಡಿದ್ದರು. ನಾನು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಡಬ್ಬಿಗೆ ಹಾಕಿ ಕೊಟ್ಟೆ. ಅಷ್ಟೂ ಮಾಲು ದಾವಣಗೆರೆಗೆ ಎಂದು ತೀರ್ಮಾನವಾಯಿತು. ನಮಾಜಿನಿಂದ ಬಂದ ಹಯಾತ್ ಸಾಬರು ವಿಷಯ ಕೇಳಿ, "ಹೋಗ್ಲಿ ಬಿಡು, ಅವರ ನಸೀಬು" ಎಂದರು. ಆಮೇಲೆ ನನ್ನ ಮುಖ ನೋಡಿ, "ಅವ್ರಿಗೆ ನೀ ಹೇಳ್ದೇನು?" ಎಂದು ಕೇಳಿದರು.

"ಪೂರ್ತಿ ನೋಡ್ರಿ ಅಂದೆ. ಕೇಳಲಿಲ್ಲ."

ಅವರು ಗಡ್ಡ ನೀವಿಕೊಂಡು ಗಲ್ಲಾದ ಕಡೆ ಹೋದರು.

ರಜೆ ಶುರುವಾದ ಮೇಲೆ ಒಂದು ಸಂಜೆ ಬಸ್ ಹತ್ತಿ ದಾವಣಗೆರೆಗೆ ಹೋದೆ. ಅವ್ವನಿಗೆ ಏನೋ ಸುಳ್ಳು ಹೇಳಿದ್ದೆ. ನಿಜಲಿಂಗಪ್ಪ ಬಡಾವಣೆಯಲ್ಲಿ ಕೊಟ್ರೇಶನ ಅಂಗಡಿಯ ಎದುರಿಗೇ ಒಂದು ಮಂಡಕ್ಕಿ ಗಾಡಿ ನಿಲ್ಲುತ್ತದೆ. ಪೊಟ್ಟಣ ಕಟ್ಟಿಸಿಕೊಂಡು ಅದರ ಪಕ್ಕ ನಿಂತೆ. ನನ್ನನ್ನು ಯಾರೂ ಗಮನಿಸುವುದಿಲ್ಲ. ಚಿಕ್ಕಂದಿನಿಂದ ಹಾಗೇ.

ಅಂಗಡಿಯ ಮುಂದೆ ದೊಡ್ಡ ಬಟ್ಟೆಯ ಬೋರ್ಡು ಕಟ್ಟಿದ್ದರು. ಅದರ ಕೆಳಗೆ ಅಮ್ಮಂದಿರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು, ಡಬ್ಬಿ ಹಿಡಿದುಕೊಂಡು ನಿಂತಿದ್ದರು. ಕೊಳ್ಳಲು ಬಂದವರಲ್ಲ, ವಾಪಸು ಕೊಡಲು ಬಂದವರು.

"ಅಲ್ಲಪ್ಪಾ ಕೊಟ್ರೇಶಿ" ಎನ್ನುತ್ತಿದ್ದಳು ಮೂಗುಬೊಟ್ಟಿನ ಹೆಂಗಸೊಬ್ಬಳು, "ನಿಮ್ಮಪ್ಪ ಸಿನಿಮಾ ಅಂತ ಕೊಟ್ನಲ್ಲ, ಇದ್ರಾಗೆ ಕತಿ ಎಲ್ಲೈತೆ? ಹೊಡಿ, ಬಡಿ, ಮುಗೀತು. ಇವ ಒಂದೇ ಸಮ ಕೇಳ್ತಾನೆ, ಕಡೀಗೆ ಬಂದ ಆ ಹುಡುಗಿ ಯಾರಮ್ಮ ಅಂತ. ನಾ ಏನು ಹೇಳ್ಲಿ? ಕೊಟ್ರೇಶಿ ಅಪ್ಪನ್ನ ಕೇಳು ಅಂದೆ."

"ನಮ್ಮಪ್ಪಗೆ ಹೆಂಗೆ ಗೊತ್ತಿರತೈತ್ರಿ ಅಕ್ಕಾರೆ..."

"ಮತ್ತೆ ಮಾರಾಕೆ ಗೊತ್ತಿತ್ತಾ?"

ಗಾಡಿಯವನೂ ನಕ್ಕ. ನಾನು ಮಂಡಕ್ಕಿಯನ್ನು ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡು, ಬೇಗ ಮುಗಿಯದಂತೆ ತಿಂದೆ. ಒಳಗಿನಿಂದ ಬಕ್ಕೇಶಪ್ಪನವರು ಹೊರಗೆ ಬಂದು ಕೈ ಎತ್ತಿ ಸಮಾಧಾನ ಹೇಳಲು ನೋಡಿದರು. ಒಂದು ಮಗು ಡಬ್ಬಿಯನ್ನು ಅವರ ಕಾಲ ಬಳಿ ಎಸೆಯಿತು. ಸುತ್ತ ಇದ್ದವರು ನಕ್ಕರು. ಅವರು ಬಗ್ಗಿ ಅದನ್ನು ಎತ್ತಿಕೊಂಡಾಗ ಹೆಗಲ ಟವೆಲ್ಲು ಮಣ್ಣಿಗೆ ಬಿತ್ತು. ಅಷ್ಟು ಹಿತವಾದ ಸಂಜೆಯನ್ನು ನಾನು ಕಂಡಿರಲಿಲ್ಲ. ಆದರೂ ಬಸ್ಸಿನಲ್ಲಿ ಬರುವಾಗ ಏನೋ ಕಡಿಮೆ ಎನಿಸಿತು. ಅವರಿಗೆ ಪೆಟ್ಟು ಬಿದ್ದಿತ್ತು. ಯಾಕೆ ಬಿತ್ತೆಂದು ಗೊತ್ತಿರಲಿಲ್ಲ.

ಆಮೇಲೆ ಸಾಹುಕಾರರೇ ನಮ್ಮ ಅಂಗಡಿಗೆ ಬಂದರು. ವ್ಯಾನಿನ ತುಂಬ ರಟ್ಟಿನ ಪೆಟ್ಟಿಗೆಗಳು. ಈ ಸಲ ಧ್ವನಿ ಇಳಿದಿತ್ತು.

"ಸಾಬ್ರೇ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಅರ್ಧ ಮಾಲು ನೀವು ಇಟ್ಕೊಳ್ರಿ. ಅಸಲಿಗಿಂತ ಕಡಿಮಿಗೆ ಕೊಡ್ತೀನಿ. ಇಲ್ಲಂದ್ರೆ ನಾಳೆ ಬೆಳಿಗ್ಗೆ ಇಷ್ಟೂ ಮಂಡಿಪೇಟೆ ಗೋಡೌನಿಗೆ ಒಗೀಬೇಕು. ಇಲಿ ತಿನ್ನಾಕೆ."

ಹಯಾತ್ ಸಾಬರು ಕುರ್ಚಿ ಎಳೆದು ಕೂರಿಸಿದರು, ಚಹಾ ತರಿಸಿದರು. ಆಮೇಲೆ ನನ್ನನ್ನು ಕೇಳಿದರು. "ಏನಂತೀಯ ಬೇಟಿ? ನೀ ಮಕ್ಕಳಿಗೆ ಆ ಹುಡುಗಿ ಕತಿ ಹೇಳಿ ಕೊಟ್ರೆ ಹೋಗ್ತಾವಲ್ಲ?"

ಹೋಗುತ್ತಿದ್ದವು. ಅದು ನನಗೂ ಗೊತ್ತಿತ್ತು. ದೊಡ್ಡವರ ಮುಂದೆ ಹೊರಡದ ನನ್ನ ಮಾತು ಮಕ್ಕಳ ಮುಂದೆ ಹೊರಡುತ್ತದೆ. ಅಡುಗೆಮನೆಯ ಕತೆಯನ್ನು ಗಲ್ಲಾದ ಮುಂದೆ ಅವರನ್ನು ಕೂರಿಸಿಕೊಂಡು ಹೇಳಿದ್ದರೆ, ಒಂದು ಪೆಟ್ಟಿಗೆಯೂ ಉಳಿಯುತ್ತಿರಲಿಲ್ಲ.

"ಕೇಳೀನಿ, ಈ ಹುಡುಗಿ ಭಾಳ ಶಾಣ್ಯಾಳಂತೆ" ಎಂದರು ಬಕ್ಕೇಶಪ್ಪನವರು, ನನ್ನನ್ನು ಮೊದಲ ಸಲ ನೆಟ್ಟಗೆ ನೋಡುತ್ತಾ. "ಯಾರ ಮಗಳವ್ವ ನೀನು?"

"ಮೈಲಪ್ಪನ ಮಗಳ್ರಿ."

"ಯಾವ ಮೈಲಪ್ಪ?"

"ನಿಮ್ಮ ಮಂಡಿಯಾಗೆ ಹಮಾಲಿ ಮಾಡ್ತಿದ್ದ. ಕಟ್ಟಿ ಮ್ಯಾಲೆ ನಿಲ್ಸಿ ರುಮಾಲು ಕೊಡವಿಸಿದ್ರಲ್ಲ. ಆ ಮೈಲಪ್ಪ."

ಅವರು ಬಸಿಗೆ ಚಹಾ ಹುಯ್ದುಕೊಂಡು ಊದಿದರು. ನೆನಪು ಮಾಡಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತೇ ಹಿಡಿಯಿತು. "ಹೋ... ಉಸುಕಿನ ಮೈಲ! ಅಯ್ಯ, ಅದು ಅವಂದಲ್ಲ ಬಿಡವ್ವ. ರೈತನೇ ಕಣದಾಗೆ ಸೇರ್ಸಿದ್ದ. ಎರಡೇ ದಿನಕ್ಕೆ ಗೊತ್ತಾತು ನಮಗೆ."

ನಾನು ಕೇಳಿದೆ: "ಗೊತ್ತಾತಾ?"

"ಹೂಂ. ಅಷ್ಟರಾಗೆ ಬೇರೆ ಹಮಾಲನ್ನ ಇಟ್ಕೊಂಡಿದ್ವಿ. ಮತ್ತೆ ಅವನ್ನ ಎಲ್ಲಿ ಕರೀತಾ ಕೂಡ್ರದು." ಚಹಾ ಸೊರ್ರೆಂದು ಹೀರಿದರು. "ಈಗ ಹೇಳವ್ವ, ಎಷ್ಟು ಪೆಟ್ಟಿಗಿ ಇಳಿಸ್ಲಿ?"

ಅಂಗಡಿಯಲ್ಲಿ ಗಿರಾಕಿಗಳಿದ್ದರು. ನನ್ನ ಧ್ವನಿ ನನಗೇ ಗುರುತು ಸಿಗದಷ್ಟು ಜೋರಾಗಿ ಬಂತು.

"ಬ್ಯಾಡ ಸಾಬ್ರೇ. ಒಂದೂ ಬ್ಯಾಡ. ಇದ್ರಾಗೆ ಕತಿ ಇಲ್ಲ. ಇಳಿಸಿದ್ರೆ ನಾ ಮಾರಾಕಿಲ್ಲ."

ಹಯಾತ್ ಸಾಬರು ನನ್ನನ್ನೂ ಅವರನ್ನೂ ನೋಡಿದರು. "ಮಾರೋಳು ಇವಳು, ಸಾಹುಕಾರ್ರೆ. ಬ್ಯಾಡ ಅಂದ ಮ್ಯಾಲೆ ನಾ ಹೆಂಗೆ ತಗೊಳ್ಲಿ?" ಎಂದರು. ವ್ಯಾನು ಹೋದ ಮೇಲೆ ನನಗೆ ಬೆನ್ನು ತಿರುಗಿಸಿಕೊಂಡೇ ಹೇಳಿದರು: "ವ್ಯಾಪಾರದಾಗೆ ಸಿಟ್ಟು ತರಬಾರ್ದು ಬೇಟಿ. ಇವತ್ತಿಂದು ಬ್ಯಾರೆ. ಇನ್ನೊಮ್ಮೆ ತರಬ್ಯಾಡ."

ಮನೆಗೆ ಹೋದಾಗ ಅಪ್ಪ ಉಣ್ಣುತ್ತಿದ್ದ. ನಡೆದದ್ದನ್ನೆಲ್ಲ ಹೇಳಿದೆ. ಎರಡೇ ದಿನಕ್ಕೆ ಅವರಿಗೆ ಗೊತ್ತಾಗಿತ್ತಂತೆ ಎಂದಾಗ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು.

"ಯಾರ ಮುಂದೆ ಅಂದ್ರು ಯವ್ವ, ಆ ಮಾತ್ನ?"

"ಹಯಾತ್ ಸಾಬ್ರು ಇದ್ರು. ಗಿರಾಕಿಗಳಿದ್ರು."

"ಮಂಡಿಯಾಗೆ ಅನ್ಲಿಲ್ಲಲ್ಲ" ಎಂದ ಅಪ್ಪ. ತುತ್ತು ಬಾಯಿಗಿಡದೆ ಎದ್ದು ಕೈ ತೊಳೆದುಕೊಂಡ.

ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ. ಮಂಡಿಪೇಟೆಯಲ್ಲಿ ಹಮಾಲರು ಚಹಾ ಕುಡಿಯುವ ಕಟ್ಟೆ ಎಲ್ಲಿದೆ ಎಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಪ್ಪನ ಜೊತೆಗಾರ ಗಿಡ್ಡಪ್ಪ ಲೋಟ ಹಿಡಿದು ಕೂತಿದ್ದ. ಗುರುತು ಹಿಡಿದು, "ಅರೆ, ನಮ್ಮ ಮೈಲಣ್ಣನ ಮೀನಾಕ್ಷಿ!" ಎಂದ. ಸುತ್ತ ಇದ್ದವರೆಲ್ಲ ತಿರುಗಿದರು. ಅವರಲ್ಲಿ ಅವತ್ತು ನಕ್ಕವರೂ ಇದ್ದರು. ನೆಲ ನೋಡುತ್ತಲೇ ಹೇಳಿದೆ. ಸಾಹುಕಾರರು ಏನಂದರು, ಹೇಗೆ ಚಹಾ ಊದುತ್ತಾ ಅಂದರು, ಇವತ್ತು ಗೋಡೌನಿಗೆ ಬರುವ ಪೆಟ್ಟಿಗೆಗಳು ಯಾಕೆ ಬರುತ್ತಿವೆ, ಎಲ್ಲ.

ಒಬ್ಬ ಮುದುಕ ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

ವ್ಯಾನು ಬಂತು. ಬಕ್ಕೇಶಪ್ಪನವರು ಇಳಿದು, "ಬರ್ರಲೇ, ಇಳಿಸ್ರಿ" ಎಂದರು. ಹಮಾಲರು ಎದ್ದರು. ತಲೆಗೊಂದೊಂದು ಪೆಟ್ಟಿಗೆ ಹೊತ್ತು ಸಾಲಾಗಿ ನಿಂತರು. ಆದರೆ ಒಳಗೆ ಹೋಗಲಿಲ್ಲ.

ಗಿಡ್ಡಪ್ಪ ಭಾಳ ವಿನಯದಿಂದ, ಇಡೀ ಬೀದಿಗೆ ಕೇಳುವಂತೆ ಕೇಳಿದ: "ಸಾಹುಕಾರ್ರೆ, ಮೈಲಪ್ಪನ ಪೆಟ್ಟಿಗಿ ಎಲ್ಲಿ ಇಡಣ್ರಿ?"

"ಏನಂದೆ?"

"ಮೈಲಪ್ಪನ ಪೆಟ್ಟಿಗೀರಿ. ಅವನ ಮಗಳು ಬ್ಯಾಡ ಅಂದಿದ್ದಕ್ಕೇ ಇಲ್ಲಿಗೆ ಬಂದಾವಲ್ರಿ. ಉಸುಕು ಅವಂದಲ್ಲ ಅಂತ ಎರಡೇ ದಿನಕ್ಕೆ ಗೊತ್ತಾತಂತಲ್ರಿ ನಿಮಗೆ."

ಅವರ ಮುಖ ಬಣ್ಣಗೆಟ್ಟಿತು. ಎದುರು ಅಂಗಡಿಯ ದಲ್ಲಾಳಿಗಳು ಹೊರಗೆ ಬಂದು ನಿಂತಿದ್ದರು. ಸಾಹುಕಾರರು ಬಾಯಿ ಬಿಡದೆ ಗೋಡೌನಿನ ಕಡೆ ಕೈ ತೋರಿಸಿದರು.

"ಕೈ ತೋರ್ಸಿದ್ರೆ ತಿಳಿಯಂಗಿಲ್ರಿ, ಬಾಯಾಗೆ ಹೇಳ್ರಿ" ಎಂದ ಹಿಂದಿದ್ದವನು. "ತಲಿ ಮ್ಯಾಲೆ ಭಾರ ಐತೆ, ಲಗೂನ ಹೇಳ್ರಿ."

ಆಗ ಅವರು ನನ್ನನ್ನು ಕಂಡರು. ಚಹಾದ ಗೂಡಂಗಡಿಯ ಪಕ್ಕ ನಿಂತಿದ್ದೆ. ಈ ಸಲ ಗುರುತು ಸಿಕ್ಕಿತು. ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು, ಇನ್ನೊಮ್ಮೆ ಒರೆಸಿಕೊಂಡರು. ಸಾಲು ಅಲುಗಾಡಲಿಲ್ಲ.

"ಮೈಲಪ್ಪನ ಪೆಟ್ಟಿಗಿ..." ಎಂದರು ಮೆತ್ತಗೆ. "ಒಳಗೆ ಇಡ್ರಪ್ಪಾ."

"ಯಾರ ಪೆಟ್ಟಿಗೀರಿ?" ಎಂದಳು ಒಬ್ಬಳು. ಆ ಧ್ವನಿ ನನ್ನದೇ ಎಂದು ಗೊತ್ತಾಗಲು ನನಗೆ ಒಂದು ಗಳಿಗೆ ಬೇಕಾಯಿತು.

"ಮೈಲಪ್ಪಂದು!" ಅವರು ಕೂಗಿದರು. "ಮೈಲಪ್ಪಂದು, ಮೈಲಪ್ಪಂದು! ಸಾಕೇನು?"

ಸಾಕಾಗಿರಲಿಲ್ಲ. ಕೊನೆಯ ಪೆಟ್ಟಿಗೆ ಒಳಗೆ ಹೋಗುವವರೆಗೂ ನಾನು ಅಲ್ಲೇ ನಿಂತಿದ್ದೆ. ಒಬ್ಬೊಬ್ಬ ಹಮಾಲನೂ ಬಾಗಿಲ ಬಳಿ ನಿಂತು ಅದನ್ನೇ ಕೇಳಿದ. ಒಬ್ಬೊಬ್ಬನಿಗೂ ಅವರು ಹೇಳಬೇಕಾಯಿತು.